ಮೋಗ್ಲಿಂಗ್ ಅಯ್ಯನವರ ಜೀವಿತ

ಮಳೆಗಾಲದಲ್ಲಿ ಕೃಷ್ಣೆಯು ಮೈತುಂಬಿ ಬಂದಾಗ ಅದರ ಬಲವು ಎಂಥಾದ್ದೆಂಬದನ್ನು ಜಮಖಂಡಿ ತಾಲೂಕಿನ ತುಬಚಿ, ಶೂರ್ಪಾಲಿ ಮೊದಲಾದ ನದೀತೀರದ ಊರುಗಳ ವಾಚಕರಿಗೆ ನಾವು ಬರೆದು ತಿಳಿಸಬೇಕಾಗಿಲ್ಲ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನೀರು ಹೊಲಗದ್ದೆಗಳನ್ನು ದಾಟಿ ಮನೆಯೊಳಕ್ಕೆ ಬಂದದ್ದನ್ನು ಅವರು ಕಣ್ಣಾರೆ ಕಂಡವರು. ಅಂಥ ಕಾಲದಲ್ಲಿ ದಡದಲ್ಲಿ ನಿಂತವನು ಬುದ್ಧಿವಂತನೆಂದೂ ನೀರಿಗೆ ಇಳಿದವನು ಹುಚ್ಚನೆಂದೂ ಎಲ್ಲರೂ ಹೇಳುತ್ತಾರೆ. ಅದು ಬಹುಮಟ್ಟಿಗೆ ಸರಿಯಾದ ಮಾತೇ. ಆದರೆ ಆಚೆಯ ದಡದಲ್ಲಿ ಒಬ್ಬನು ಕೂಗುತ್ತಿರುವಾಗ, ಹೊಳೆಯ ಸೆಳವನ್ನು ಚೆನ್ನಾಗಿ ಬಲ್ಲ ಅಂಬಿಗನು ಮನಸ್ಸಿನಲ್ಲಿ ಲೆಕ್ಕ ಹಾಕಿ ಹರಿಗೋಲನ್ನು ನೀರಿಗೆ ತಳ್ಳುವದುಂಟು. ಅವನಿಗೆ ಭಯವಿಲ್ಲವೆಂದು ತಿಳಿಯಬಾರದು. ಭಯಕ್ಕಿಂತ ಹೆಚ್ಚಿನದೊಂದು ಅವನಲ್ಲಿ ಇರುತ್ತದೆ, ಅಷ್ಟೇ. ನೆಲೆ ಸಿಕ್ಕಿದ ದಡವನ್ನು ಹೀಗೆ ಒಂದಲ್ಲ, ಹಲವು ಸಾರಿ ಬಿಟ್ಟುಹೊರಟ ಒಬ್ಬ ದೇವಸೇವಕರ ಜೀವಿತವನ್ನು ಈ ತಿಂಗಳಲ್ಲಿ ನಮ್ಮ ಸಭೆಗಳವರ ಮುಂದೆ ಇಡುತ್ತೇವೆ.

ಹೆರ್ಮನ್ ಮೋಗ್ಲಿಂಗರು 1811ನೆಯ ಇಸವಿ ಮೇ ತಿಂಗಳ 29ನೆಯ ದಿನದಲ್ಲಿ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ಅವರು ಟ್ಯೂಬಿಂಗೆನ್ ಎಂಬ ಹೆಸರುವಾಸಿಯಾದ ವಿದ್ಯಾಪೀಠದಲ್ಲಿ ದೇವಶಾಸ್ತ್ರವನ್ನು ಕಲಿತರು. ಆ ವಿದ್ಯಾಪೀಠದಲ್ಲಿ ತೇರ್ಗಡೆಯಾದವನ ಮುಂದಿನ ದಾರಿಯು ಆ ಕಾಲದಲ್ಲಿ ಗಾಡಿಯ ಗಾಲಿಯ ಜಾಡಿನ ಹಾಗೆ ಸ್ಪಷ್ಟವಾಗಿತ್ತು. ಕೆಲವು ವರುಷ ಸಹಾಯಕ ಬೋಧಕನಾಗಿದ್ದು, ಆಮೇಲೆ ಒಂದು ಊರಿನ ಸಭಾಪಾಲಕನಾಗಿ, ತೋಟವುಳ್ಳ ಮನೆ, ತಪ್ಪದ ಸಂಬಳ, ಜನರ ಮರ್ಯಾದೆ, ಇವೆಲ್ಲವುಗಳ ನಡುವೆ ಅವನು ಮುಪ್ಪಿನ ತನಕ ಬದುಕಬಹುದಾಗಿತ್ತು. ಈ ಜೀವಿತದಲ್ಲಿ ಪಾಪವೇನೂ ಇಲ್ಲ. ಅನೇಕ ಭಕ್ತರು ಹಾಗೆಯೇ ಬಾಳಿ ದೇವರನ್ನು ಮಹಿಮೆಪಡಿಸಿದ್ದಾರೆ. ಮೋಗ್ಲಿಂಗರಿಗೂ ಅದು ಕೈಗೆಟುಕುವಷ್ಟು ಹತ್ತಿರವಿತ್ತು.

ಆದರೆ ಅವರು ಬಾಸೆಲ್ ಪಟ್ಟಣದ ಮಿಶನ್ ಸಂಘಕ್ಕೆ ತಮ್ಮನ್ನು ಒಪ್ಪಿಸಿಕೊಟ್ಟರು. 1815ರಲ್ಲಿ ಹುಟ್ಟಿದ ಆ ಸಂಘದಲ್ಲಿ ಹೆಚ್ಚಿನ ಮಿಶನರಿಗಳು ನೇಕಾರರ, ಬಡಗಿಗಳ, ಒಕ್ಕಲಿಗರ ಮಕ್ಕಳು. ವಿದ್ಯಾಪೀಠದಲ್ಲಿ ಓದಿದವರು ಬಲು ಕೊಂಚ. ಆ ಕೊಂಚ ಜನರಲ್ಲಿ ಮೋಗ್ಲಿಂಗರೂ ಅವರ ಗೆಳೆಯರಾದ ವೈಗ್ಲೆಯವರೂ ಸೇರಿದ್ದರು. ಸಂಘದ ನಿಯಮಗಳು ಕಠಿಣವಾಗಿದ್ದವು. ಕಮಿಟಿಯು ಕಳುಹಿಸಿದಲ್ಲಿಗೆ ಹೋಗಬೇಕು, ಕಮಿಟಿಯ ಅಪ್ಪಣೆಯಿಲ್ಲದೆ ಮದುವೆ ಸಹ ಆಗಬಾರದು. ಓದಿದವನೊಬ್ಬನು ಈ ನೊಗಕ್ಕೆ ತಾನಾಗಿ ಕುತ್ತಿಗೆಯೊಡ್ಡಿದ್ದನ್ನು ಅವರ ಮೊದಲನೆಯ ಸಾಹಸವೆಂದು ನಾವು ಎಣಿಸುತ್ತೇವೆ. ಸುಯೆಜ್ ಕಾಲುವೆಯು ತೆರೆದದ್ದು 1869ರಲ್ಲಿ. ಮೋಗ್ಲಿಂಗರು ಮಂಗಳೂರಿಗೆ ಬಂದದ್ದು 1836ರಲ್ಲಿ. ಆಗ ಹಡಗು ಹತ್ತಿ ಹೊರಟವನು ತನ್ನವರನ್ನು ತಿರುಗಿ ನೋಡುವನೆಂಬ ಭರವಸೆ ಯಾರಿಗೂ ಇರುತ್ತಿರಲಿಲ್ಲ. ಬಾಸೆಲಿನ ಮೊದಲಿನ ಮೂವರು ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ಅವರಿಗಿಂತ ಎರಡೇ ವರುಷ ಮುಂಚೆ, 1834ರಲ್ಲಿ, ಮಂಗಳೂರಿಗೆ ಬಂದಿಳಿದಿದ್ದರು. ಸೇರುವದಕ್ಕೆ ದೊಡ್ಡ ಸಭೆಯಾಗಲಿ, ಓದುವದಕ್ಕೆ ಸುಲಭವಾದ ಕನ್ನಡ ಪುಸ್ತಕಗಳಾಗಲಿ ಇರಲಿಲ್ಲ. ಮೋಗ್ಲಿಂಗರು ಬಂದ ಮರುವರುಷದಲ್ಲಿಯೇ ಬಂಡೆದ್ದ ಜನರು ಘಟ್ಟದ ಕಡೆಯಿಂದ ಇಳಿದುಬಂದು ಮಂಗಳೂರನ್ನು ಕೆಲವು ದಿವಸ ಹಿಡಿದುಕೊಂಡರು. ಹೊಸ ದೇಶದ ಮೊದಲ ಪರಿಚಯವು ಹೀಗಿತ್ತು.

ಆ ಮೊದಲ ವರುಷಗಳಲ್ಲಿ ಮೋಗ್ಲಿಂಗರು ನಮ್ಮ ಉತ್ತರದ ಸೀಮೆಗೂ ಬಂದರು. ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಮಿಶನಿನ ಠಾಣೆಗಳು ಸ್ಥಾಪಿತವಾದವು. ಈ ಕಪ್ಪುನೆಲದ ಹಳ್ಳಿಗಳಲ್ಲಿ ಕಾಲಜ್ಞಾನವನ್ನು ನಂಬಿ, ಹೊಸ ಕಾಲವೊಂದು ಬರುವದೆಂದು ಕಾದುಕೊಂಡಿದ್ದ ಭಕ್ತರು ಹಲವರಿದ್ದರು. ಮಿಶನರಿಗಳ ಮಾತನ್ನು ಅವರು ಆಸೆಯಿಂದ ಕೇಳಿದರು. ಇವರೇ ತಾವು ಕಾದಿದ್ದ ಸುದ್ದಿಯನ್ನು ತಂದವರೋ ಎಂದು ಯೋಚಿಸಿದರು. ಸಾವಿರಗಟ್ಟಲೆ ಜನರು ಒಂದೇ ಸಾರಿ ಕರ್ತನ ಕಡೆಗೆ ತಿರುಗುವರೆಂಬ ನಿರೀಕ್ಷೆಯು ಮಿಶನರಿಗಳಲ್ಲಿ ಹುಟ್ಟಿತು. ಹೊಸದಾಗಿ ನಂಬುವವರಿಗೆ ಉಳುವದಕ್ಕೆ ಭೂಮಿ ಬೇಕೆಂದು 1841ರಲ್ಲಿ ಗದಗ ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಒಂದು ಬೇಸಾಯದ ವಸತಿಯನ್ನು ಸಹ ಮಾಡಿದರು. ಆ ಜನರು ಬರಲಿಲ್ಲ. ಮಾತು ಕೇಳುವದು ಒಂದು, ಕುಲವನ್ನು ಬಿಟ್ಟು ಹೊರಡುವದು ಇನ್ನೊಂದು. ಮಲಸಮುದ್ರದ ಯೋಜನೆಯು ಎಣಿಸಿದ ಫಲವನ್ನು ಕೊಡದೆ ಹೋಯಿತು.

ಇದನ್ನು ನಾವು ಮರೆಮಾಚದೆ ಹೇಳುವದಕ್ಕೆ ಕಾರಣವುಂಟು. ಸತ್ಪುರುಷರ ಚರಿತ್ರೆಗಳನ್ನು ಬರೆಯುವವರು ಅವರು ಕೈಹಾಕಿದ್ದೆಲ್ಲಾ ಹೊನ್ನಾಯಿತೆಂಬಂತೆ ಬರೆಯುವದು ವಾಡಿಕೆಯಾಗಿದೆ. ಅದನ್ನು ಓದಿದ ಬಡ ಒಕ್ಕಲಿಗನು, ತನ್ನ ಒಂದು ಬಿತ್ತನೆ ಕೆಟ್ಟರೆ ತಾನು ದೇವರಿಗೆ ಬೇಡವಾದವನೆಂದು ತಿಳಿದು ಎರಡನೆಯ ಬಿತ್ತನೆಗೆ ಹೆದರುತ್ತಾನೆ. ಮಲಸಮುದ್ರದಲ್ಲಿ ಬಿತ್ತಿದ್ದು ಮೊಳೆಯಲಿಲ್ಲ. ಆದರೆ ಈ ಸೀಮೆಯಲ್ಲಿ ನಡೆದಾಡಿದ್ದರ ನೆನಪು ಮಿಶನಿನವರನ್ನು ಬಿಡಲಿಲ್ಲ. ಹತ್ತು ವರುಷಗಳ ಮೇಲೆ, 1851ರಲ್ಲಿ, ನಮ್ಮ ಈಗಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಗುಳೇದಗುಡ್ಡದಲ್ಲಿ ಮಗ್ಗಗಳ ಸದ್ದಿನ ನಡುವೆ ಒಂದು ಠಾಣೆಯು ಎದ್ದಿತು.

ಮೋಗ್ಲಿಂಗರು ಅಷ್ಟರೊಳಗೆ ಮಂಗಳೂರಿಗೆ ಹಿಂತಿರುಗಿ ಹುಡುಗರ ಶಿಕ್ಷಣದಲ್ಲಿ ತೊಡಗಿದ್ದರು. ಅಲ್ಲಿ 1843ನೆಯ ಇಸವಿ ಜುಲೈ 1ನೆಯ ದಿನದಲ್ಲಿ ಅವರು ಮಂಗಳೂರು ಸಮಾಚಾರವೆಂಬ ಪಾಕ್ಷಿಕವನ್ನು ಹೊರಡಿಸಿದರು. ಕನ್ನಡದ ಮೊದಲ ವರ್ತಮಾನ ಪತ್ರಿಕೆ ಅದೇ. ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳು, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರಕಾರದ ನಿರೂಪಗಳು, ಪರದೇಶದ ವರ್ತಮಾನ, ನೀತಿಯ ಮಾತುಗಳು ಅದರಲ್ಲಿ ಬರುತ್ತಿದ್ದವು. ಹರಿದಾಸರ ಪದಗಳೂ ಬಂದವು. ಓದಬಲ್ಲವರೇ ಅಪರೂಪವಾಗಿದ್ದ ಕಾಲದಲ್ಲಿ ಓದುಗರಿಗಾಗಿ ಪತ್ರಿಕೆಯನ್ನು ಹೊರಡಿಸುವದು, ಮಳೆ ಬರುವ ಮೊದಲು ಒಣಭೂಮಿಯಲ್ಲಿ ಬಿತ್ತುವ ಹಾಗೆ ಇತ್ತು. ಮರುವರುಷ ಅದನ್ನು ಬಳ್ಳಾರಿಗೆ ಸಾಗಿಸಿ, ಕನ್ನಡ ಸಮಾಚಾರವೆಂಬ ಹೆಸರಿನಿಂದ ಅಚ್ಚಿನ ಮೊಳೆಗಳಲ್ಲಿ ಮುದ್ರಿಸಿದರು. ಪತ್ರಿಕೆಯ ಆಯುಷ್ಯವು ದೊಡ್ಡದಾಗಲಿಲ್ಲ. ಆದರೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಈಗ ನಾವು ಒಂದು ಗಂಭೀರವಾದ ಸಂಗತಿಗೆ ಬರುತ್ತೇವೆ. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ಓದುತ್ತಿದ್ದನು. ಅವನೂ ಅವನ ಇಬ್ಬರು ಗೆಳೆಯರೂ 1844ನೆಯ ಇಸವಿ ಜನವರಿ 6ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಪಟ್ಟಣವೆಲ್ಲಾ ಕಲಕಿಹೋಯಿತು, ಗಲಭೆಯೆದ್ದಿತು, ಶಾಲೆಯಿಂದ ಮಕ್ಕಳನ್ನು ತಂದೆತಾಯಿಗಳು ಬಿಡಿಸಿಕೊಂಡರು. ಆಗ ಮೋಗ್ಲಿಂಗರಿಗೆ ಅಪಾಯವಿತ್ತೆಂಬದು ನಿಜವೇ. ಆದರೆ ನ್ಯಾಯವಾಗಿ ತೂಕ ಹಾಕಿ ನೋಡೋಣ. ಅವರ ಬೆನ್ನ ಹಿಂದೆ ಕಲೆಕ್ಟರನೂ ಸಿಪಾಯಿಗಳೂ ಇದ್ದರು. ಊರು ಮುನಿದರೆ ಬೇರೆ ಊರಿತ್ತು, ಇಂಡಿಯಾ ಮುನಿದರೆ ಹಿಂದಿರುಗಲು ಸ್ವದೇಶವಿತ್ತು. ಆ ಯುವಕನಿಗೆ ಏನಿತ್ತು? ತಾಯಿಯ ಅಡಿಗೆಮನೆಯ ಬಾಗಲು, ಕುಲದವರ ಬಾವಿ, ಸತ್ತರೆ ಹೊರುವ ನಾಲ್ಕು ಹೆಗಲು, ಇವೆಲ್ಲಾ ಒಂದೇ ದಿವಸದಲ್ಲಿ ಹೋದವು. ಮಿಶನರಿಯು ಮನೆಯನ್ನು ಬಿಟ್ಟು ಬಂದನು. ನಂಬಿದವನು ಮನೆಯ ಎದುರಿನಲ್ಲಿಯೇ ಮನೆಯಿಲ್ಲದವನಾದನು. ನಮ್ಮ ಸಭೆಗಳಲ್ಲಿ ಮುತ್ತಜ್ಜನ ಕಾಲದ ಕಥೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲದಿದ್ದರೂ ಅವರ ಸಾಹಸವು ಮೋಗ್ಲಿಂಗರದಕ್ಕಿಂತ ಹಗುರವಾದದ್ದಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಮೋಗ್ಲಿಂಗರಿಗೆ ಇದು ಚೆನ್ನಾಗಿ ತಿಳಿದಿತ್ತು. ಆದಕಾರಣ ಅವರು ನಂಬಿದವನನ್ನು ಕೈಬಿಡಲಿಲ್ಲ. 1846ರಲ್ಲಿ ಆನಂದರಾಯರು ಬಾಸೆಲಿಗೆ ಹೋಗಿ, ಅಲ್ಲಿ ಬಿಳಿಯ ವಿದ್ಯಾರ್ಥಿಗಳ ಸಮಾನವಾಗಿ ಐದು ವರುಷ ಕಲಿತು, 1851ರಲ್ಲಿ ಹಸ್ತಾರ್ಪಣೆಯನ್ನು ಹೊಂದಿ ಮಿಶನರಿಯಾಗಿ ಸ್ವದೇಶಕ್ಕೆ ಬಂದರು. ಒಬ್ಬ ಕನ್ನಡಿಗನು ಯುರೋಪಿನವರೊಂದಿಗೆ ಒಂದೇ ಪದವಿಯಲ್ಲಿ ಸೇವೆ ಮಾಡಬಹುದೆಂದು ಆ ಕಾಲದಲ್ಲಿ ನಂಬುವದೂ ಸಾಹಸವೇ ಆಗಿತ್ತು.

ಗ್ರಂಥಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು, ಯಾಕಂದರೆ ಅದನ್ನು ಪಂಡಿತರು ಬಹಳವಾಗಿ ಬರೆದಿದ್ದಾರೆ. ಕಸಮೇಜರ್ ಎಂಬ ಧರ್ಮಿಷ್ಠನಾದ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ ಮೋಗ್ಲಿಂಗರು 1848ರಿಂದ ಕೆಲವು ವರುಷ ಹಳೆಯ ಕನ್ನಡ ಗ್ರಂಥಗಳನ್ನು ಅಚ್ಚುಹಾಕಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದವು ತಾಳೆಗರಿ ಓಲೆಗಳಿಂದ ಹೊರಬಂದು ಕಾಗದದ ಮೇಲೆ ನಿಂತವು. ಕನ್ನಡದ ಗಾದೆಗಳನ್ನು ಸಹ ಕೂಡಿಸಿದರು. ಸುವಾರ್ತೆಯನ್ನು ಸಾರಲು ಬಂದವನಿಗೆ ಶಿವಭಕ್ತರ, ವಿಷ್ಣುಭಕ್ತರ ಗ್ರಂಥಗಳಿಂದೇನು ಎಂಬ ಪ್ರಶ್ನೆಯು ಮಿಶನನ್ನು ಪೋಷಿಸುವವರಲ್ಲಿ ಏಳುವದು ಸಹಜ. ಜನರ ಹೃದಯದ ಭಾಷೆಯನ್ನು ಕಲಿಯದವನು ಅವರ ಹೃದಯಕ್ಕೆ ಮಾತಾಡಲಾರನೆಂಬದೇ ಅವರ ನಡತೆಯು ಕೊಟ್ಟ ಉತ್ತರವಾಗಿತ್ತು. ನಮ್ಮಲ್ಲಿ ಕೆಲವರು ಇಂದಿಗೂ ನೆರೆಯವರ ಪದಗಳನ್ನೂ ವಚನಗಳನ್ನೂ ಕೇಳುವದಕ್ಕೆ ಸಹ ಅಂಜುತ್ತಾರೆ; ಅಂಥವರು ಇದನ್ನು ಎರಡು ಸಾರಿ ಓದಲಿ.

1852ನೆಯ ಇಸವಿಯು ಮುಗಿಯುತ್ತ ಬಂದಿತು. ಮೋಗ್ಲಿಂಗರಿಗೆ 41 ವರುಷ. ಅದರಲ್ಲಿ ಹದಿನಾರು ವರುಷ ಕರಾವಳಿಯ ಸೆಕೆಯಲ್ಲಿಯೂ ಬಯಲುಸೀಮೆಯ ಬಿಸಿಲಲ್ಲಿಯೂ ಸವೆದಿದ್ದವು. ಶರೀರವು ಕುಗ್ಗಿತ್ತು. ಶಾಲೆ ನಡೆಯುತ್ತಿತ್ತು, ಅಚ್ಚುಕೂಟವು ನಡೆಯುತ್ತಿತ್ತು, ತಾವು ಬೆಳೆಸಿದ ಆನಂದರಾಯರು ಸೇವೆಗೆ ಬಂದು ನಿಂತಿದ್ದರು. ಇನ್ನು ಸ್ವದೇಶಕ್ಕೆ ತೆರಳುವದೆಂದು ನಿಶ್ಚಯವಾಗಿತ್ತು. ಇದಕ್ಕಿಂತ ನ್ಯಾಯವಾದ ವಿಶ್ರಾಂತಿಯು ಯಾವದು? ಯಾರು ಅದನ್ನು ತಪ್ಪೆನ್ನುವರು?

ಆ ಸಮಯದಲ್ಲಿ ಮಂಗಳೂರಿನ ಮಿಶನಿನ ಬಾಗಲಿಗೆ ಒಬ್ಬ ಸನ್ಯಾಸಿಯು ಬಂದನು. ವೇಷದಿಂದ ಸನ್ಯಾಸಿ; ಹುಟ್ಟಿನಿಂದ ಕೊಡಗಿನ ಅಲ್ಮಂಡ ಮನೆತನದ ಕೊಡವನು, ಹೆಸರು ಸೋಮಯ್ಯ. ಸತ್ಯವನ್ನು ಹುಡುಕಿ ಅಲೆಯುತ್ತಿದ್ದ ಅವನು ಇಲ್ಲಿ ಕ್ರಿಸ್ತನ ಮಾತನ್ನು ಕೇಳಿ ನಂಬಿದನು. 1853ರ ಆರಂಭದಲ್ಲಿ ದೀಕ್ಷಾಸ್ನಾನವನ್ನು ಹೊಂದಿ ಸ್ತೆಫನನೆಂಬ ಹೆಸರನ್ನು ಪಡೆದನು. ಕಥೆಯು ಇಲ್ಲಿಗೆ ಮುಗಿದಿದ್ದರೆ ಅದೊಂದು ಸಂತೋಷದ ವರ್ತಮಾನವಾಗಿ ಉಳಿಯುತ್ತಿತ್ತು. ಆದರೆ ಸೋಮಯ್ಯನಿಗೆ ಕೊಡಗಿನಲ್ಲಿ ಹೆಂಡತಿ ಮಕ್ಕಳಿದ್ದರು. ಅವನು ಅಲ್ಲಿಗೆ ಹಿಂದಿರುಗಬೇಕಾಗಿತ್ತು. ಕೊಡವರಲ್ಲಿ ಆಸ್ತಿಯು ಒಬ್ಬನದಲ್ಲ, ಮನೆತನದ್ದು; ಒಂದೇ ದೊಡ್ಡ ಮನೆಯ ಮಾಡಿನ ಕೆಳಗೆ ಅಣ್ಣತಮ್ಮಂದಿರ ಸಂಸಾರಗಳೆಲ್ಲಾ ಕೂಡಿರುವವು. ಅಂಥಲ್ಲಿ ಒಬ್ಬನು ಕುಲಾಚಾರವನ್ನು ಬಿಟ್ಟರೆ ಅವನು ಕಾಲಿಡುವ ಜಾಗವೆಲ್ಲಿ? ಕೊಡಗಿನಲ್ಲಿ ಅವನಿಗೆ ಜೊತೆಯಾಗುವ ನಮ್ಮ ಸಭೆಯಾಗಲಿ ಉಪದೇಶಿಯಾಗಲಿ ಇರಲಿಲ್ಲ. ಆ ದೇಶವು ಬ್ರಿಟಿಷರ ಕೈಸೇರಿ 1834ರಿಂದ ಹತ್ತೊಂಬತ್ತು ವರುಷ ಮಾತ್ರ ಆಗಿದ್ದವು.

ಕಳುಹಿಸಿಕೊಟ್ಟು ಪ್ರಾರ್ಥಿಸುವದು ಸುಲಭವಾಗಿತ್ತು. ಒಂದು ಪತ್ರವನ್ನು ಬರೆದುಕೊಟ್ಟು, ಬೆನ್ನುತಟ್ಟಿ, ಹಡಗು ಹತ್ತಬಹುದಾಗಿತ್ತು. ಮೋಗ್ಲಿಂಗರು ಹಡಗನ್ನು ಬಿಟ್ಟು ಸೋಮಯ್ಯನೊಂದಿಗೆ ಘಟ್ಟವನ್ನು ಹತ್ತಿದರು.

ಈ ಹೆಜ್ಜೆಯ ಬೆಲೆಯನ್ನು ವಾಚಕರು ಸರಿಯಾಗಿ ತಿಳಿಯಬೇಕು. ಕೊಡಗಿನಲ್ಲಿ ಠಾಣೆಯನ್ನು ತೆರೆಯುವದಕ್ಕೆ ಬಾಸೆಲಿನ ಕಮಿಟಿಯು ನಿರ್ಣಯಿಸಿರಲಿಲ್ಲ. ಅವರು ಹೋದದ್ದು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ, ಸ್ನೇಹಿತರು ಕೊಟ್ಟ ಸಹಾಯದ ಆಧಾರದಿಂದ. ಹದಿನಾರು ವರುಷ ತಂದೆಯಂತಿದ್ದ ಸಂಘದ ನೆರಳನ್ನು ಬಿಟ್ಟು ನಿಲ್ಲುವದು, ಹಡಗು ಹತ್ತಿ ಕಡಲು ದಾಟುವದಕ್ಕಿಂತ ಕಠಿಣವೆಂದು ನಮಗೆ ತೋರುತ್ತದೆ. ಕಡಲಿನ ಅಪಾಯವನ್ನು ಎಲ್ಲರೂ ಹೊಗಳುತ್ತಾರೆ. ತನ್ನವರಿಗೆ ಮೆಚ್ಚಿಕೆಯಾಗದ ಒಳ್ಳೆಯ ಕೆಲಸದಲ್ಲಿ ಯಾರೂ ಹೊಗಳುವದಿಲ್ಲ. ಹಾಗೆಂದು ಸಭೆಯ ಆಜ್ಞೆಯನ್ನು ಮೀರುವದೇ ಭಕ್ತಿಯೆಂದು ಯಾರೂ ತಿಳಿಯಬಾರದು. ಒಬ್ಬ ಸಹೋದರನು ಒಂಟಿಯಾಗಿ ನಾಶವಾಗುವದನ್ನು ಕಂಡದ್ದರಿಂದ ಅವರು ಹೋದರೇ ಹೊರತು ಹೆಸರನ್ನು ಬಯಸಿಯಲ್ಲ. ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವು ನಮಗೆಲ್ಲಾ ಬಾಯಿಪಾಠವಾಗಿದೆ. ಅವನು ಕದಿಯಲಿಲ್ಲ, ಕುಡಿದು ಹಾಳುಮಾಡಲಿಲ್ಲ, ಹೆದರಿದನು, ಅಷ್ಟೇ. ಮುಪ್ಪಿನ ದಾರಿಯಲ್ಲಿ ಕಾಲಿಟ್ಟ ಮೋಗ್ಲಿಂಗರಿಗೆ ಉಳಿದಿದ್ದ ತಲಾಂತು ಕುಗ್ಗಿದ ಶರೀರವೊಂದೇ. ಅದನ್ನೂ ಹೂತಿಡಲಿಲ್ಲ.

ಘಟ್ಟದ ಮೇಲಿನ ಜೀವಿತವು ಸುಖದ್ದಾಗಿರಲಿಲ್ಲ. ಕೊಡಗಿನ ಮಳೆಯನ್ನು ನಮ್ಮ ಜಮಖಂಡಿ ಮುಧೋಳದವರು ಊಹಿಸುವದೂ ಕಷ್ಟ. ನಮಗೆ ವರುಷವೆಲ್ಲಾ ಬೀಳುವಷ್ಟು ನೀರು ಅಲ್ಲಿ ಜುಲೈ ತಿಂಗಳೊಂದರಲ್ಲಿಯೇ ಬಿದ್ದುಹೋಗುವದು. ಕಾಡಿನ ಜ್ವರವೂ ಇತ್ತು. ಸೋಮಯ್ಯನ ಬಾಂಧವರು ಬಹುಕಾಲ ವಿರೋಧಿಸಿದರು. ಆದರೂ ಅವನ ಹೆಂಡತಿ ಮಕ್ಕಳು ಕಾಲಕ್ರಮದಲ್ಲಿ ಅವನೊಂದಿಗೆ ವಿಶ್ವಾಸಕ್ಕೆ ಬಂದರು. ಅಲ್ಮಂಡದಲ್ಲಿ ಒಂದು ಸಣ್ಣ ಸಭೆಯು ಹುಟ್ಟಿತು. ಮೋಗ್ಲಿಂಗರು ಆ ದೇಶದ ಚರಿತ್ರೆಯನ್ನೂ ಪದ್ಧತಿಗಳನ್ನೂ ಕೇಳಿ ತಿಳಿದು, 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದು ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು.

ಆಮೇಲೆ ಅವರು ನಿರೀಕ್ಷಿಸದೆ ಇದ್ದ ಕಡೆಯಿಂದ ಜನರು ಬಂದರು. ಅವರು ಕೊಡಗಿನ ಭೂಮಿಯೊಡೆಯರಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದ, ಊರಿನವರು ಮುಟ್ಟದ ಕುಲದವರು. ಮೇಲುಕುಲದವನೊಬ್ಬನಿಗಾಗಿ ಘಟ್ಟ ಹತ್ತಿದ ಮಿಶನರಿಯ ಸುತ್ತ ಗದ್ದೆಯ ಆಳುಗಳು ಕೂಡಿದರು. ಅವರಿಗೋಸ್ಕರ ಕಾಡನ್ನು ಕಡಿಸಿ ಆನಂದಪುರವೆಂಬ ಹೊಸ ಊರನ್ನು ಕಟ್ಟಿದರು. ತನ್ನದೆನ್ನುವ ಒಂದು ಗುಡಿಸಲೂ ಇಲ್ಲದಿದ್ದವರು ಅಲ್ಲಿ ತಮ್ಮ ಮಾಡಿನ ಕೆಳಗೆ ಮಲಗಿದರು. ಮಲಸಮುದ್ರದಲ್ಲಿ ಒಮ್ಮೆ ಫಲಕೊಡದಿದ್ದ ಕೆಲಸಕ್ಕೆ, ಸುಮಾರು ಹದಿನೈದು ವರುಷಗಳ ಮೇಲೆ, ಅವರು ತಿರುಗಿ ಕೈಹಾಕಿದರೆಂಬದನ್ನು ನಾವು ವಿಶೇಷವಾಗಿ ಗಮನಿಸಿದ್ದೇವೆ. ಈ ಊರಿನ ಸಭೆಯನ್ನು ಮುಂದೆ ಆನಂದರಾವ್ ಕೌಂಡಿನ್ಯರು ನಡಿಸಿದರು. ಹುಟ್ಟಿನಿಂದ ಬ್ರಾಹ್ಮಣನಾದವನು ಜೀತದಿಂದ ಬಂದವರಿಗೆ ರೊಟ್ಟಿ ಮುರಿದುಕೊಟ್ಟನು. ಹೊರಗಿನವರು ನಗುತ್ತಿದ್ದರೋ ಕೋಪಿಸುತ್ತಿದ್ದರೋ, ಪಂಕ್ತಿ ಒಂದೇ ಆಗಿತ್ತು. ನಮ್ಮ ಸಭೆಗಳಲ್ಲಿ ಇಂದಿಗೂ ಹಳೇ ಕುಲದ ಲೆಕ್ಕದಿಂದ ಮದುವೆಯ ಸಂಬಂಧಗಳನ್ನು ಹುಡುಕುವವರು ಆ ಪಂಕ್ತಿಯನ್ನು ಕಣ್ಣಮುಂದೆ ತಂದುಕೊಳ್ಳಲಿ.

ಕಮಿಟಿಯವರು ಕೆಲವು ವರುಷಗಳಲ್ಲಿ ಕೊಡಗಿನ ಕೆಲಸವನ್ನು ತಮ್ಮದಾಗಿ ಅಂಗೀಕರಿಸಿಕೊಂಡರು. 1855ರಲ್ಲಿ ಗೆಳೆಯರಾದ ವೈಗ್ಲೆಯವರು ತೀರಿಕೊಂಡರು. ಚಿಕ್ಕ ಮಕ್ಕಳೊಂದಿಗೆ ವಿಧವೆಯಾಗಿ ಉಳಿದ ಅವರ ಹೆಂಡತಿ ಪೌಲಿನಮ್ಮನವರನ್ನು ಮೋಗ್ಲಿಂಗರು ಮದುವೆಯಾದರು. 1858ರಲ್ಲಿ, ಅವರು ಓದಿದ ಟ್ಯೂಬಿಂಗೆನ್ ವಿದ್ಯಾಪೀಠವು ಅವರ ಕನ್ನಡ ಸೇವೆಗಾಗಿ ಡಾಕ್ಟರ್ ಎಂಬ ಬಿರುದನ್ನು ಕೊಟ್ಟಿತು. ಆ ಊರಿನ ಹತ್ತಿರವೇ ಸಭಾಪಾಲಕರಾಗಿ ಉಳಿದಿದ್ದರೆ ಈ ಬಿರುದು ಬರುತ್ತಿರಲಿಲ್ಲ. ಕಾಡಿನ ಗುಡಿಸಲಿಗೆ ಅದು ಹುಡುಕಿಕೊಂಡು ಬಂದಿತು. ಅವರು ಅದನ್ನು ಕಾದಿದ್ದವರಲ್ಲ.

ಹೆಂಡತಿಯ ಅಸ್ವಸ್ಥತೆಯಿಂದ 1860ರಲ್ಲಿ ಅವರು ಇಂಡಿಯಾವನ್ನು ಬಿಟ್ಟರು. ಅಷ್ಟರೊಳಗೆ ಫೆರ್ಡಿನಂಡ್ ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದು ಕನ್ನಡವನ್ನು ಕಲಿಯುತ್ತಿದ್ದರು. ಅವರ ದೊಡ್ಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೋಗ್ಲಿಂಗರು ತಮ್ಮ ಉಳಿದ ವರುಷಗಳನ್ನು ಸ್ವದೇಶದಲ್ಲಿ ಕಳೆದರು. ಕೊಡಗಿನ ವಿಷಯವಾಗಿ 1866ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಹೊರತಂದರು. ತಾವು ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಜೈಮಿನಿ ಭಾರತದ ಮೊದಲ ಸಂಧಿಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ, ಅಲ್ಲಿಯ ವಿದ್ವಾಂಸರು ಓದುವಂತೆ ಮಾಡಿದರು. ಇಪ್ಪತ್ತನಾಲ್ಕು ವರುಷ ಕನ್ನಡಿಗರಿಗೆ ಯುರೋಪಿನ ಸುದ್ದಿಯನ್ನು ಹೇಳಿದವರು ಈಗ ಯುರೋಪಿನವರಿಗೆ ಕನ್ನಡಿಗರ ಕಾವ್ಯವನ್ನು ಹೇಳತೊಡಗಿದರು.

1881ನೆಯ ಇಸವಿ ಮೇ ತಿಂಗಳ 10ನೆಯ ದಿನದಲ್ಲಿ ಮೋಗ್ಲಿಂಗರು ಎಸ್ಲಿಂಗೆನ್ ಎಂಬ ಊರಲ್ಲಿ ಕರ್ತನಲ್ಲಿ ನಿದ್ರೆಹೋದರು. ಮಲಯಾಳ ಸೀಮೆಯಲ್ಲಿ ಸೇವೆ ಮಾಡಿದ್ದ ಗುಂಡರ್ಟ್ ಪಂಡಿತರು ಮರುವರುಷ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು. ಆನಂದರಾವ್ ಕೌಂಡಿನ್ಯರು ಇನ್ನೂ ಹನ್ನೆರಡು ವರುಷ, 1893ರ ತನಕ, ಬದುಕಿದ್ದರು.